ಬಿತ್ತನೆಗೂ ಬಂತು ರಿಚಾರ್ಜ್

ಹತ್ತಿ ಬೀಜದ ಪೊಟ್ಟಣ ಒಡೆದು ಅಂಗೈಗೆ ಸುರಿದುಕೊಂಡರೆ ಮೊದಲು ಕಣ್ಣಿಗೆ ಬೀಳುವುದು ಬಣ್ಣ. ಕಾಳು ಮಣಿಯ ಹಾಗೆ ನುಣ್ಣಗೆ. ಔಷಧ ಲೇಪಿಸಿದ ಗುರುತಿಗೆ ಕೆಂಪೋ ಹಸಿರೋ ಬಳಿದಿರುತ್ತದೆ. ಹತ್ತಿಕಾಳು ಹುಟ್ಟುವಾಗ ಹೀಗಿರುವುದಿಲ್ಲ. ಜಿನ್ನಿನಲ್ಲಿ ಅರಳೆ ಬಿಡಿಸಿದ ಮೇಲೂ ಅದರ ಮೈಗೆ ಸಣ್ಣ ನವಿರು ಅಂಟಿಕೊಂಡೇ ಇರುತ್ತದೆ. ಒಂದಕ್ಕೊಂದು ಹೆಣೆದುಕೊಂಡ ಕಾಳು ಕೂರಿಗೆಯ ಬಟ್ಟಲಿನಿಂದ ಸಲೀಸಾಗಿ ಇಳಿಯುವುದಿಲ್ಲ. ಅದಕ್ಕೇ ಬೈಲಹೊಂಗಲ, ಸವದತ್ತಿ ಕಡೆಯ ಎರೆ ಹೊಲಗಳಲ್ಲಿ ಬಿತ್ತುವ ಮುಂಚೆ ಕಾಳನ್ನು ಸಗಣಿ, ಮಣ್ಣಿನ ರಾಡಿಯಲ್ಲಿ ತಿಕ್ಕಿ, ಒಣಹಾಕಿ, ಬಿಡಿಬಿಡಿ ಮಾಡಿಕೊಳ್ಳುತ್ತಿದ್ದರು. ಈಗ ಆ ಕೆಲಸವನ್ನು ಕಾರ್ಖಾನೆಯಲ್ಲಿ ಆಸಿಡ್ ಮಾಡುತ್ತದೆ. ಮೈಮುರಿಯುವ ಕೆಲಸ ತಪ್ಪಿತು, ಒಳ್ಳೆಯದೇ. ಆದರೆ ಸಗಣಿಯಲ್ಲಿ ತಿಕ್ಕುತ್ತಿದ್ದ ಕಾಳು ಹೋದ ವರ್ಷದ ಬೆಳೆಯದು. ಬಣ್ಣದ ಕಾಳು ಈ ವರ್ಷದ ಅಂಗಡಿಯದು, ಬರುವ ವರ್ಷವೂ ಅಂಗಡಿಯದೇ. ಒಮ್ಮೆ ಕೊಂಡರೆ ಮನೆಯದಾಗುತ್ತಿದ್ದ ವಸ್ತು ಹೀಗೆ ವರ್ಷವರ್ಷವೂ ಹಣ ಕಟ್ಟಿ ಹೊಸದಾಗಿ ಪಡೆಯಬೇಕಾದ ವಸ್ತುವಾಯಿತು.

ಇಂಥ ಮಾರ್ಪಾಟಿನ ಸುದ್ದಿ ಈಗ ದಿನವೂ ಓದುತ್ತೇವೆ. ಫೋಟೊಶಾಪ್ ತಯಾರಿಸುವ ಅಡೋಬಿ ಕಂಪನಿ 2013ರಲ್ಲಿ ಡಬ್ಬಿಯಲ್ಲಿಟ್ಟು ಮಾರುವುದನ್ನು ಕೈಬಿಟ್ಟು ತಿಂಗಳ ಬಾಡಿಗೆಗೆ ಇಳಿಯಿತು. ಬಿಎಂಡಬ್ಲ್ಯು 2022ರಲ್ಲಿ ಕೆಲವು ದೇಶಗಳಲ್ಲಿ ಕಾರಿನ ಸೀಟು ಬೆಚ್ಚಗಾಗಲು ತಿಂಗಳಿಗಿಷ್ಟು ಎಂದು ಕೇಳಿತು. ಬಿಸಿ ಮಾಡುವ ತಂತಿ ಸೀಟಿನೊಳಗೆ ಮೊದಲೇ ಇತ್ತು, ಮಾಲೀಕ ಅದಕ್ಕೂ ಸೇರಿಸಿಯೇ ಕಾರಿನ ಹಣ ಕೊಟ್ಟಿದ್ದ. ಜನ ಉಗಿದ ಮೇಲೆ ಕಂಪನಿ ಹಿಂದೆ ಸರಿಯಿತು. ಇವೆಲ್ಲ ದೂರದ ಮಾತು ಅನಿಸಿದರೆ ಜೇಬಿನಲ್ಲಿರುವ ಫೋನನ್ನೇ ನೋಡಬಹುದು. 2005ರ ಕೊನೆ, 2006ರ ಹೊತ್ತಿಗೆ ಮೊಬೈಲ್ ಕಂಪನಿಗಳು 999 ರೂಪಾಯಿಗೆ ‘ಲೈಫ್‌ಟೈಮ್’ ಕೊಟ್ಟವು. ಒಮ್ಮೆ ಹಾಕಿಸಿದರೆ ಕರೆ ಬರುವುದಕ್ಕೆ ಜೀವಮಾನವಿಡೀ ಅಡ್ಡಿಯಿಲ್ಲ. ಹಳ್ಳಿಹಳ್ಳಿಯಲ್ಲಿ ಮಿಸ್ಡ್ ಕಾಲ್ ಎಂಬ ಪುಕ್ಕಟೆ ಭಾಷೆ ಹರಡಿದ್ದು ಆ ಕಾಲದಲ್ಲೇ. 2018ರ ಕೊನೆಗೆ ಅವೇ ಕಂಪನಿಗಳು 28 ದಿನಕ್ಕೊಮ್ಮೆ ಕನಿಷ್ಠ 35 ರೂಪಾಯಿ ಹಾಕಿಸದಿದ್ದರೆ ಒಳಬರುವ ಕರೆಯೂ ಬಂದ್ ಎಂದವು. ಜೀವಮಾನ ಹನ್ನೆರಡು ವರ್ಷಕ್ಕೆ ಮುಗಿದುಹೋಯಿತು. ತಿಂಗಳಿಗೆ 28 ದಿನವೇ ಏಕೆ ಅಂದರೆ, 28ನ್ನು 13ರಿಂದ ಗುಣಿಸಿದರೆ 364; ವರ್ಷಕ್ಕೆ ಹನ್ನೆರಡು ತಿಂಗಳು, ರಿಚಾರ್ಜ್ ಮಾತ್ರ ಹದಿಮೂರು. ಮೂವತ್ತು ದಿನದ ಪ್ಯಾಕ್ ಒಂದಾದರೂ ಇರಲಿ ಎಂದು ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ನಿಯಮ ಮಾಡಬೇಕಾಗಿ ಬಂದದ್ದು 2022ರಲ್ಲಿ. ಇಂಟರ್‌ನೆಟ್ ಬೇಡ, ಮಾತಾಡಲಷ್ಟೇ ಸಾಕು ಎನ್ನುವವರಿಗೆ ಬೇರೆ ಪ್ಯಾಕ್ ಕೊಡಿ ಎಂದು ಹೇಳಿದ್ದು 2024ರ ಡಿಸೆಂಬರಿನಲ್ಲಿ.

ಹಾಗಂತ ವರ್ಷಕ್ಕಿಷ್ಟು ಎಂದು ಕೊಡುವುದೆಲ್ಲ ಮೋಸ ಎಂದರೆ ಉತ್ತರ ಕರ್ನಾಟಕದ ಹಿರಿಯರೇ ನಕ್ಕಾರು. ಇಲ್ಲಿಯ ಹಳ್ಳಿಗಳು ಶತಮಾನಗಳ ಕಾಲ ನಡೆದದ್ದೇ ಅಂಥ ಲೆಕ್ಕದ ಮೇಲೆ. ಬಡಿಗೇರ, ಕಮ್ಮಾರ, ಕುಂಬಾರ, ಹಡಪದ, ಮಡಿವಾಳ ಇವರಿಗೆಲ್ಲ ಆಯ ಎಂಬುದಿತ್ತು. ಕುಡಕ್ಕೆ ಹದ ಹಿಡಿಸಿದ್ದಕ್ಕೆ, ಕೂರಿಗೆಯ ದಿಂಡು ಸರಿಮಾಡಿದ್ದಕ್ಕೆ ಆಗಾಗ ದುಡ್ಡು ಎಣಿಸುವ ಪದ್ಧತಿಯಿರಲಿಲ್ಲ. ವರ್ಷಕ್ಕೊಮ್ಮೆ ರಾಶಿಯ ದಿನ ಕಣಕ್ಕೆ ಬಂದರೆ ಮೊರ ಮೊರವಾಗಿ ಜೋಳ ಅಳೆದು ಕೊಡುತ್ತಿದ್ದರು. ಚಂದಾ ಅನ್ನಿ, ಸಬ್‌ಸ್ಕ್ರಿಪ್ಷನ್ ಅನ್ನಿ, ಇದೇ ಅದು. ಆ ವ್ಯವಸ್ಥೆಯನ್ನು ಹಾಡಿ ಹೊಗಳಬೇಕಾದ್ದೂ ಇಲ್ಲ. ಜಾತಿಗೆ ಕೆಲಸ ಕಟ್ಟಿಹಾಕಿ, ಕೆಲವರಿಗೆ ಕಣದ ಅಂಚಿನಲ್ಲಿ ಕಾದು ನಿಲ್ಲುವುದನ್ನೇ ಹಕ್ಕು ಎಂದು ನಂಬಿಸಿದ ವ್ಯವಸ್ಥೆ ಅದು. ಆದರೆ ಹಣದ ಲೆಕ್ಕವನ್ನಷ್ಟೇ ನೋಡಿದರೆ ಅದರಲ್ಲಿ ಎರಡು ಗುಣಗಳಿದ್ದವು. ಕೊಡುವುದು ಬೆಳೆ ಬಂದ ಮೇಲೆ, ಬಂದಷ್ಟರಲ್ಲಿ. ಬರಗಾಲದಲ್ಲಿ ಬಡಿಗೇರನ ಮೊರವೂ ಹಗುರ. ಎರಡನೆಯದು, ಆಯ ಕೊಡುವುದು ತಪ್ಪಿದರೆ ಬಡಿಗೇರ ಮುನಿಸಿಕೊಂಡಾನು, ಕೂರಿಗೆಯನ್ನಂತೂ ಹೊತ್ತೊಯ್ಯಲಾರ. ಕೂರಿಗೆ ರೈತನದು. ಕೊಟ್ಟದ್ದು ದುಡಿಮೆಗೆ, ವಸ್ತುವಿಗಲ್ಲ.

ಆದ್ದರಿಂದ ಒಂದು ಮಾರಾಟ ಬಾಡಿಗೆಯಾಗಿದೆಯೋ ಇಲ್ಲವೋ ತಿಳಿಯಲು ಬೆಲೆಪಟ್ಟಿ ನೋಡಿ ಉಪಯೋಗವಿಲ್ಲ. ಕೇಳಬೇಕಾದ ಪ್ರಶ್ನೆ: ಒಂದು ವರ್ಷ ಹಣ ಕೊಡದೆ ಬಿಟ್ಟರೆ ಕೈಯಲ್ಲಿ ಏನು ಉಳಿಯುತ್ತದೆ? ಕೂರಿಗೆ ಉಳಿಯುತ್ತಿತ್ತು. ಹಳೆಯ ಡಬ್ಬಿಯ ಫೋಟೊಶಾಪ್ ಉಳಿಯುತ್ತಿತ್ತು. ಹೊಸ ವರಸೆ ಬರದಿದ್ದರೂ ಮದುವೆ ಕಾರ್ಡು ಮಾಡಲು ಸಾಕಾಗುತ್ತಿತ್ತು. ಲೈಫ್‌ಟೈಮ್ ಸಿಮ್ಮಿಗೆ ಕರೆ ಬರುತ್ತಿತ್ತು. ಈಗ ನಿಲ್ಲಿಸಿದ ಕ್ಷಣ ಎಲ್ಲವೂ ನಿಲ್ಲುತ್ತದೆ. ನಿಲ್ಲಿಸಿಯೂ ಬದುಕುವ ಶಕ್ತಿ ಕೊಳ್ಳುವವನ ಕೈಯಲ್ಲಿದ್ದಾಗ ಬೆಲೆ ತಾನಾಗಿ ಹದ್ದುಬಸ್ತಿನಲ್ಲಿರುತ್ತದೆ. ಆ ಶಕ್ತಿ ಹೋದ ಮೇಲೆ ಬೆಲೆ ಇಳಿಸಬಲ್ಲದ್ದು ಸರ್ಕಾರ ಮಾತ್ರ. ಈ ಮಾತಿಗೆ ಸಾಕ್ಷಿ ಬೇಕಿದ್ದರೆ ಸಾಫ್ಟ್‌ವೇರಿನ ಕಡೆ ಹೋಗಬೇಕಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಹೊಲಗಳಲ್ಲಿ ಎರಡೂ ಬಗೆಯ ಮಾರಾಟ ಬದುವಿನ ಆಚೆ ಈಚೆ ಬೆಳೆದು ನಿಂತಿರುತ್ತವೆ.

ಬೈಲಹೊಂಗಲದ ಪೇಟೆಗೆ ಹೆಸರು ಬಂದದ್ದೇ ಹತ್ತಿಯಿಂದ. ಧಾರವಾಡ ಸೀಮೆಯ ಎರೆಯಲ್ಲಿ ಬಹುಕಾಲ ಆಳಿದ್ದು ಜಯಧರ. ಎಳೆ ಗಿಡ್ಡ, ಒರಟು, ಇಳುವರಿಯೂ ಹೇಳಿಕೊಳ್ಳುವಂಥದ್ದಲ್ಲ. ಮಳೆ ಕಡಿಮೆಯಾದರೂ ಎರೆಯ ತಂಪು ಹೀರಿ ಬೇಸಿಗೆಯವರೆಗೆ ನಿಲ್ಲುವ ಗಿಡ ಅದು. ಬೀಜಕ್ಕೆ ಪೇಟೆಗೆ ಹೋಗಬೇಕಾದ ಪ್ರಮೇಯವಿರಲಿಲ್ಲ, ಜಿನ್ನಿನಿಂದ ಮರಳಿದ ಹತ್ತಿಕಾಳಿನಲ್ಲಿ ಒಂದಿಷ್ಟು ಎಮ್ಮೆಗೆ, ಒಂದಿಷ್ಟು ಎಣ್ಣೆಗೆ, ಒಂದಿಷ್ಟು ಬಿತ್ತಲಿಕ್ಕೆ. ಈ ಚಿತ್ರವನ್ನು ಬದಲಿಸಿದ್ದು ಯಾವ ವಿದೇಶಿ ಕಂಪನಿಯೂ ಅಲ್ಲ. 1972ರಲ್ಲಿ ಧಾರವಾಡದಲ್ಲೇ ಡಾ. ಬಿ.ಎಚ್. ಕಾತರಕಿಯವರು ಲಕ್ಷ್ಮಿ ಎಂಬ ತಳಿಗೆ ಉದ್ದನೆಳೆಯ ಇನ್ನೊಂದು ಜಾತಿಯ ಹತ್ತಿಯನ್ನು ಕೂಡಿಸಿ ವರಲಕ್ಷ್ಮಿ ಹೈಬ್ರಿಡ್ ತಂದರು. ಎರಡು ಬೇರೆ ಜಾತಿಗಳ ಹತ್ತಿಯನ್ನು ಬೆಸೆದ ಹೈಬ್ರಿಡ್ ರೈತರ ಹೊಲಕ್ಕೆ ಇಳಿದದ್ದು ಅದೇ ಮೊದಲು. ಮುಂದೆ ಡಿಸಿಎಚ್-32, ಅಂದರೆ ಜಯಲಕ್ಷ್ಮಿ ಬಂತು. ಉದ್ದ ಎಳೆ, ಒಳ್ಳೆಯ ಧಾರಣೆ. ಮಲಪ್ರಭೆಯ ಕಾಲುವೆ ನೀರು ಹರಿದ ಕಡೆ ಹೊಸ ಮನೆಗಳು ಎದ್ದವು, ಮದುವೆಗಳು ಜೋರಾದವು.

ಆದರೆ ಹೈಬ್ರಿಡ್ ಎಂಬುದರ ಒಳಗುಟ್ಟು ಬೇರೆ. ಎರಡು ತಳಿ ಕೂಡಿ ಹುಟ್ಟಿದ ಮೊದಲ ಪೀಳಿಗೆಯಲ್ಲಿ ಎಲ್ಲ ಗಿಡ ಒಂದೇ ಸಮ, ಎಲ್ಲದರಲ್ಲೂ ಹುರುಪು. ಅದರ ಕಾಳು ತೆಗೆದಿಟ್ಟು ಮರುವರ್ಷ ಬಿತ್ತಿದರೆ ಅಜ್ಜ ಅಜ್ಜಿಯರ ಗುಣಗಳು ಚೆಲ್ಲಾಪಿಲ್ಲಿಯಾಗಿ ಹೊರಬರುತ್ತವೆ: ಒಂದು ಗಿಡ ಎತ್ತರ, ಒಂದು ಮೋಟು, ಒಂದರ ಎಳೆ ಉದ್ದ, ಪಕ್ಕದ್ದು ಗಿಡ್ಡ. ಗಿಡ ಹುಟ್ಟುವುದಿಲ್ಲ ಎಂದೇನಿಲ್ಲ. ಹುಟ್ಟಿದ್ದು ಪೇಟೆಯಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಮತ್ತೆ ಅಂಗಡಿಗೇ ಹೋಗಬೇಕು. ಹೆಣ್ಣುಮಕ್ಕಳು ಒಂದೊಂದೇ ಮೊಗ್ಗು ಸುಲಿದು, ಗಂಡು ಕೇಸರ ಕಿತ್ತು, ಇನ್ನೊಂದು ಗಿಡದ ಪರಾಗ ಕೈಯಿಂದಲೇ ಸವರಿ ಮಾಡುವ ಬೀಜವಾದ್ದರಿಂದ ಅದು ದುಬಾರಿಯೂ ಹೌದು. ಎಕರೆಗೆ ಕಿಲೋಗಟ್ಟಲೆ ಕೂರಿಗೆಯಲ್ಲಿ ಸುರಿಯುತ್ತಿದ್ದ ಊರಿನಲ್ಲಿ ಜನ ಸಾಲಿಗೆ ಬಗ್ಗಿ ಒಂದೊಂದೇ ಕಾಳು ಊರುವುದನ್ನು ಕಲಿತರು. ಇಲ್ಲಿ ಯಾರೂ ಸಂಚು ಹೂಡಲಿಲ್ಲ. ಸರ್ಕಾರಿ ವಿಜ್ಞಾನಿಗಳು ಇಳುವರಿ ಹೆಚ್ಚಿಸಹೊರಟರು, ಹೆಚ್ಚಿಸಿದರು. ಬೀಜದ ಬೀಗವೂ ಜೊತೆಗೇ ಬಂತು. ಆ ಬೀಗದ ಬೆಲೆ ಗೊತ್ತಾದದ್ದು ಖಾಸಗಿ ಕಂಪನಿಗಳಿಗೆ.

2002ರ ಮಾರ್ಚಿನಲ್ಲಿ ಬಿಟಿ ಹತ್ತಿಗೆ ಕೇಂದ್ರ ಒಪ್ಪಿಗೆ ಕೊಟ್ಟಾಗ ಈ ಕಥೆಯ ನಿಜವಾದ ತಿರುವು ಬಂತು. ಕಾಯಿಕೊರಕ ಹುಳುವಿಗೆ ವಿಷವಾಗುವ ಜೀನನ್ನು ಹತ್ತಿಗೆ ಸೇರಿಸಿದ್ದು ಬಿಟಿ. ಆ ಜೀನನ್ನು ತಳಿಗೂ ಸೇರಿಸಬಹುದು, ಹೈಬ್ರಿಡ್‌ಗೂ ಸೇರಿಸಬಹುದು. ಅಮೆರಿಕ, ಆಸ್ಟ್ರೇಲಿಯಗಳಲ್ಲಿ ತಳಿಗಳಿಗೆ ಸೇರಿಸಿದರು. ತಳಿಯ ಕಾಳನ್ನು ಇಟ್ಟುಕೊಂಡು ಬಿತ್ತಬಹುದಾದ್ದರಿಂದ ಅಲ್ಲಿ ಕಂಪನಿಗಳು ಕಾಗದದ ಬೀಗ ಹಾಕಿದವು: ಬೀಜ ಉಳಿಸುವುದಿಲ್ಲ ಎಂದು ರೈತನಿಂದ ಸಹಿ. ಮುರಿದವರು ಕೋರ್ಟಿಗೆ. ಇಂಡಿಯಾನಾ ರಾಜ್ಯದ ವರ್ನನ್ ಬೌಮನ್ ಎಂಬ ಸೋಯಾ ರೈತ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ 2013ರಲ್ಲಿ ಬೀಜದ ಕಂಪನಿ ಮಾನ್‌ಸಾಂಟೊ ಎದುರು ಸೋತ. ತೆರಬೇಕಾದ ದಂಡ 84,456 ಡಾಲರ್. ಭಾರತದಲ್ಲಿ ಇಂಥ ಕಾಗದ ನಡೆಯುವುದಿಲ್ಲ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಂ ರೈತನಿಗೆ ಬೀಜ ಉಳಿಸುವ, ಬಿತ್ತುವ, ಮತ್ತೆ ಬಿತ್ತುವ, ಹಂಚುವ, ಬ್ರಾಂಡ್ ಹೆಸರು ಹಾಕದೆ ಮಾರುವ ಹಕ್ಕನ್ನೂ ಕೊಟ್ಟಿದೆ. 2019ರಲ್ಲಿ ಪೆಪ್ಸಿಕೊ ತನ್ನ ಆಲೂಗಡ್ಡೆ ತಳಿ ಬೆಳೆದರೆಂದು ಗುಜರಾತಿನ ರೈತರ ಮೇಲೆ ಕೋಟಿ ರೂಪಾಯಿಯ ದಾವೆ ಹೂಡಿ, ದೇಶವೆಲ್ಲ ಬೈದ ಮೇಲೆ ವಾಪಸು ಪಡೆಯಿತು. ಕಾನೂನು ಇಷ್ಟು ಉದಾರವಾಗಿರುವ ದೇಶದಲ್ಲಿ ಬಿಟಿ ಜೀನನ್ನು ಹೈಬ್ರಿಡ್‌ಗಳಲ್ಲೇ ಇಟ್ಟು ಮಾರಿದ್ದು ಆಕಸ್ಮಿಕ ಎಂದು ನಂಬುವುದು ಕಷ್ಟ. ಕಾಯ್ದೆ ಹಾಕಲೊಲ್ಲದ ಬೀಗವನ್ನು ಗಿಡವೇ ಹಾಕಿಕೊಂಡಿತು.

ಇಲ್ಲೊಂದು ವ್ಯಂಗ್ಯವೂ ಇದೆ. 1998ರಲ್ಲಿ ಅಮೆರಿಕದಲ್ಲಿ ‘ಟರ್ಮಿನೇಟರ್’ ಎಂಬ ತಂತ್ರಕ್ಕೆ ಪೇಟೆಂಟ್ ಸಿಕ್ಕಿತು. ಬೆಳೆದ ಕಾಳು ಮೊಳೆಯದ ಹಾಗೆ ಮಾಡುವ ತಂತ್ರ. ಸುದ್ದಿ ತಿಳಿದು ಕರ್ನಾಟಕ ಕೆರಳಿತು. ಎಂ.ಡಿ. ನಂಜುಂಡಸ್ವಾಮಿಯವರ ರಾಜ್ಯ ರೈತ ಸಂಘ ಆ ವರ್ಷದ ಕೊನೆಗೆ ರಾಯಚೂರು, ಬಳ್ಳಾರಿ ಕಡೆಯ ಬಿಟಿ ಹತ್ತಿಯ ಪ್ರಯೋಗದ ತಾಕುಗಳಿಗೆ ಬೆಂಕಿಯಿಟ್ಟಿತು. ಆ ತಾಕುಗಳಲ್ಲಿ ಟರ್ಮಿನೇಟರ್ ಇರಲಿಲ್ಲ. ಟರ್ಮಿನೇಟರ್ ಬೀಜ ಜಗತ್ತಿನ ಯಾವ ಪೇಟೆಗೂ ಬರಲೂ ಇಲ್ಲ. ಬರುವ ಅಗತ್ಯವಾದರೂ ಏನಿತ್ತು? ಕಾಳು ಸತ್ತುಹೋಗುವಂತೆ ಮಾಡಿದರೆ ಬೆಂಕಿ ಬೀಳುತ್ತದೆ, ಕಾಳು ಕೆಲಸಕ್ಕೆ ಬಾರದಂತೆ ಮಾಡಿದರೆ ಸಾಲಿನಲ್ಲಿ ನಿಂತು ಕೊಳ್ಳುತ್ತಾರೆ. ವರ್ಷವರ್ಷ ಹಣ ಕಟ್ಟುವ ಈ ಮಾತಿನ ನಡುವೆ ಕಿತ್ತೂರಿನ ಹೆಸರು ಬಂದ ಕೂಡಲೇ ಕಪ್ಪದ ಮಾತು ಎಳೆದು ತರುವುದು ನಮ್ಮ ಭಾಷಣಗಳ ಚಾಳಿ. ಆದರೆ ಕಿತ್ತೂರಿಗೂ ಬ್ರಿಟಿಷರಿಗೂ 1824ರಲ್ಲಿ ಜಗಳ ಹೊತ್ತಿದ್ದು ಕಪ್ಪಕ್ಕಲ್ಲ, ದತ್ತಕಕ್ಕೆ. ಮನೆತನ ಮುಂದುವರಿಯಬೇಕೋ ಬೇಡವೋ ಎಂದು ಧಾರವಾಡದ ಕಲೆಕ್ಟರ್ ಹೇಳಬಹುದೇ ಎಂಬುದಕ್ಕೆ. ಬೀಜದ ತಕರಾರು ಕೂಡ ದುಡ್ಡಿಗಿಂತ ಹೆಚ್ಚಾಗಿ ಅಂಥದ್ದೇ.

ಇನ್ನು ದುಡ್ಡಿನ ಲೆಕ್ಕ. ಮೊದಮೊದಲು 450 ಗ್ರಾಂ ಬಿಟಿ ಬೀಜದ ಪೊಟ್ಟಣ 1,600 ರೂಪಾಯಿ ದಾಟಿತ್ತು, ಅದರ ದೊಡ್ಡ ಪಾಲು ಜೀನ್ ಒಡೆಯರಿಗೆ ಹೋಗುವ ರಾಯಧನ. 2006ರಲ್ಲಿ ಆಂಧ್ರಪ್ರದೇಶ ಜಗಳಕ್ಕೆ ಬಿದ್ದು ಬೆಲೆಯನ್ನು 750ಕ್ಕೆ ಇಳಿಸಿತು. ಉಳಿದ ರಾಜ್ಯಗಳಲ್ಲೂ ಇಳಿಯಿತು. 2015ರ ಆದೇಶದ ಮೇಲೆ ಕೇಂದ್ರವೇ ಬೆಲೆ ಕಟ್ಟತೊಡಗಿತು: ಎರಡು ಜೀನಿನ ಬಿಜಿ-2 ಪೊಟ್ಟಣಕ್ಕೆ 2016ರಲ್ಲಿ 800 ರೂಪಾಯಿ, ಅದರಲ್ಲಿ ರಾಯಧನ 49. ರಾಯಧನ ಹಂತ ಹಂತವಾಗಿ ಕರಗುತ್ತ ಬಂದು 2020ರಲ್ಲಿ ಸೊನ್ನೆಯಾಯಿತು, ಏಕೆಂದರೆ ಅಷ್ಟರಲ್ಲಿ ಪೇಟೆಂಟಿನ ಅವಧಿ ಮುಗಿದಿತ್ತು. ಆ ವರ್ಷ ಪೊಟ್ಟಣದ ಬೆಲೆ 730. ಜೀನ್ ಪುಕ್ಕಟೆಯಾದ ಮೇಲೆ ಬೆಲೆ ಇಳಿಯಬೇಕಲ್ಲವೇ? 2021ರಲ್ಲಿ 767, 2022ರಲ್ಲಿ 810, 2023ರಲ್ಲಿ 853, 2024ರಲ್ಲಿ 864, 2025ರಲ್ಲಿ 901. ಕೂಲಿ, ಡೀಸೆಲ್ ಏರಿದ್ದನ್ನು ಲೆಕ್ಕ ಹಿಡಿದರೆ ಈ ಏರಿಕೆ ಅನ್ಯಾಯ ಎನ್ನಲು ಬರುವುದಿಲ್ಲ. ಗಮನಿಸಬೇಕಾದ್ದು ಬೇರೆ. ಪೇಟೆಂಟ್ ಹೋದರೂ ಬಾಡಿಗೆ ಹೋಗಲಿಲ್ಲ, ಏಕೆಂದರೆ ಬಾಡಿಗೆಯನ್ನು ಹಿಡಿದು ನಿಲ್ಲಿಸಿದ್ದು ಪೇಟೆಂಟ್ ಆಗಿರಲೇ ಇಲ್ಲ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಇಳುವರಿಯದು. ದೇಶದ ಹತ್ತಿಯ ಇಳುವರಿ ಬಿಟಿ ಬರುವ ಮುಂಚೆ ಹೆಕ್ಟೇರಿಗೆ ಸುಮಾರು 300 ಕೆ.ಜಿ. ಅರಳೆ ಇದ್ದದ್ದು 2007-08ರ ಹೊತ್ತಿಗೆ 550ರ ಆಸುಪಾಸಿಗೆ ಏರಿತು. ಆ ವರ್ಷಗಳಲ್ಲಿ ಹುಳುವಿನ ಔಷಧಕ್ಕೆ ಸುರಿಯುತ್ತಿದ್ದ ದುಡ್ಡು ಉಳಿಯಿತು, ಪಂಪು ಹೊತ್ತು ವಿಷದಲ್ಲಿ ಮೀಯುವುದು ತಪ್ಪಿತು. ಅದನ್ನು ಅಲ್ಲಗಳೆಯುವವರು ಹೊಲ ಕಂಡವರಲ್ಲ. ಆದರೆ ಅದರಾಚೆಗೆ ಇಳುವರಿ ಹೆಚ್ಚೇನೂ ಮೇಲೇರಲಿಲ್ಲ, ಎಷ್ಟೋ ವರ್ಷ 500ಕ್ಕಿಂತ ಕೆಳಗೇ ಉಳಿಯಿತು. ಗುಲಾಬಿ ಕಾಯಿಕೊರಕ ಮೊದಲು ಒಂದು ಜೀನನ್ನು, ಆಮೇಲೆ ಎರಡನ್ನೂ ಜೀರ್ಣಿಸಿಕೊಂಡಿತು. ಕಾಯಿ ಹೊರಗಿನಿಂದ ಹಸಿರಾಗಿಯೇ ಇರುತ್ತದೆ; ಒಡೆದರೆ ಒಳಗೆ ಗುಲಾಬಿ ಹುಳು, ಹಳದಿಗಟ್ಟಿದ ತೊಳೆ. ಫೋನಿನ ಪ್ಯಾಕಿನಲ್ಲಿ ಸಿಗ್ನಲ್ ಬರದಿದ್ದರೆ ಕಂಪನಿ ಬದಲಿಸಬಹುದು. ಇಲ್ಲಿ ಯಾವ ಕಂಪನಿಯ ಪೊಟ್ಟಣ ಒಡೆದರೂ ಒಳಗಿನ ಜೀನ್ ಬಹುತೇಕ ಅದೇ. ಕೊಟ್ಟ ಹಣಕ್ಕೆ ಬಂದ ಸೇವೆ ಕುಂದಿತು, ಹಣ ಮಾತ್ರ ನಿಯತ್ತಾಗಿ ಹೋಗುತ್ತಲೇ ಇದೆ.

ಎರಡನೆಯ ಆಕ್ಷೇಪ ಸಂಶೋಧನೆಯದು. ವರ್ಷವರ್ಷವೂ ಆದಾಯ ಬರದಿದ್ದರೆ ಹೊಸ ಬೀಜಕ್ಕೆ ಯಾರು ದುಡ್ಡು ಹಾಕುತ್ತಾರೆ ಎನ್ನುತ್ತಾರೆ. ಇದಕ್ಕೆ ಉತ್ತರ ಈ ನಾಲ್ಕು ತಾಲೂಕಿನ ಊಟದ ತಾಟಿನಲ್ಲೇ ಇದೆ. ಹಿಂಗಾರಿಯಲ್ಲಿ ರಾಮದುರ್ಗ, ಸವದತ್ತಿಯ ಎರೆಯಲ್ಲಿ ಬೆಳೆಯುವ ಬಿಳಿಜೋಳದಲ್ಲಿ ಬಹುಪಾಲಿನ ಮೂಲ ಎಂ 35-1, ಮಾಲದಂಡಿ. ಅದನ್ನು 1930ರ ದಶಕದಲ್ಲಿ ಸೊಲ್ಲಾಪುರ ಸೀಮೆಯ ಮೊಹೋಳದ ಸರ್ಕಾರಿ ಕೇಂದ್ರದಲ್ಲಿ ಆರಿಸಿ ತೆಗೆದರು. ಎಂಬತ್ತು ವರ್ಷಕ್ಕೂ ಹೆಚ್ಚು ಕಾಲ ಜನ ಒಳ್ಳೆಯ ತೆನೆ ಆರಿಸಿ, ಬೇರೆ ಕಟ್ಟಿ, ಬೂದಿ ಬೆರೆಸಿ ಇಟ್ಟು ಬಿತ್ತುತ್ತ ಬಂದಿದ್ದಾರೆ. ರೊಟ್ಟಿ ಬಡಿಯುವವರಿಗೆ ಅದಕ್ಕಿಂತ ಒಳ್ಳೆಯ ಹಿಟ್ಟು ಇಂದಿಗೂ ಸಿಕ್ಕಿಲ್ಲ. ಕಡಲೆಯಲ್ಲಿ ಅಣ್ಣಿಗೇರಿ-1, ಧಾರವಾಡದ ನೆರೆಯ ಅಣ್ಣಿಗೇರಿಯ ಕೇಂದ್ರದ್ದು, ದಶಕಗಳ ಕಾಲ ದೇಶದ ದಕ್ಷಿಣ ಭಾಗವನ್ನೆಲ್ಲ ಆವರಿಸಿತು. ಬೈಲಹೊಂಗಲ, ಕಿತ್ತೂರಿನಲ್ಲಿ ಹತ್ತಿಯ ಎಷ್ಟೋ ಹೊಲಗಳನ್ನು ಹಿಡಿದುಕೊಂಡ ಸೋಯಾ ಕೂಡ ಅಂಥದ್ದೇ. ಮೊದಲು ಜಬಲ್ಪುರದ ಜೆಎಸ್ 335. ಅದಕ್ಕೆ ತುಕ್ಕುರೋಗ ಬಡಿದಾಗ ಅದನ್ನು ತಾಳಿಕೊಳ್ಳುವ ಡಿಎಸ್‌ಬಿ 21 ತಳಿಯನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಕೊಟ್ಟಿತು. ಇವೆಲ್ಲ ಸಾರ್ವಜನಿಕ ದುಡ್ಡಿನಲ್ಲಿ ಆದ ಸಂಶೋಧನೆ. ಸಂಶೋಧನೆಗೆ ಬೇಕಾದ ಹಣವನ್ನು ತೆರಿಗೆಯ ರೂಪದಲ್ಲಿ ಒಮ್ಮೆ ಕೊಟ್ಟೆವು, ಪ್ರತಿ ಕಾಳಿನ ಮೇಲೆ ಪ್ರತಿ ವರ್ಷ ಕೊಡಲಿಲ್ಲ.

ಸೋಯಾದ ವಿಷಯದಲ್ಲಿ ಒಂದು ಎಡವಟ್ಟಿದೆ, ಮುಚ್ಚಿಡಬಾರದು. ಬೀಜ ಉಳಿಸಲು ಸಾಧ್ಯವಿದ್ದರೂ ಮುಂಗಾರಿಗೆ ಮುಂಚೆ ರೈತ ಸಂಪರ್ಕ ಕೇಂದ್ರಗಳ ಮುಂದೆ ಸೋಯಾ ಚೀಲಕ್ಕೆ ಪಾಳಿ ಹಚ್ಚುವವರಿಗೆ ಕಡಿಮೆಯಿಲ್ಲ. ಸೋಯಾ ಕಾಳಿನ ಸಿಪ್ಪೆ ತೆಳು. ಯಂತ್ರದ ರಾಶಿಯಲ್ಲಿ ಪೆಟ್ಟು ಬಿದ್ದರೆ, ಚೀಲಗಳನ್ನು ಒಂದರ ಮೇಲೊಂದು ಒಟ್ಟಿದರೆ, ಬೇಸಿಗೆಯ ಧಗೆ ತಾಗಿದರೆ ಮೊಳಕೆ ಹೋಗುತ್ತದೆ. ಹಾಗಾದರೆ ಜನಕ್ಕೆ ಬೇಕಾಗಿರುವುದೇ ವರ್ಷದ ಬೀಜ, ಅನುಕೂಲಕ್ಕೆ ಹಣ ಕೊಡುತ್ತಾರೆ, ಅದರಲ್ಲೇನು ತಪ್ಪು ಎಂದು ಕೇಳಬಹುದು. ತಪ್ಪೇನೂ ಇಲ್ಲ. ಆದರೆ ಆ ಪಾಳಿಯಲ್ಲಿ ನಿಂತವರಿಗೂ ಹತ್ತಿ ಪೊಟ್ಟಣಕ್ಕೆ ನಿಂತವರಿಗೂ ಅಂತರವಿದೆ. ಸೋಯಾ ಚೀಲ ಸಿಗದಿದ್ದರೆ ಪಕ್ಕದ ಮನೆಯವರಿಂದ ಕಾಳು ತಂದು, ಒದ್ದೆ ಗೋಣಿತಾಟಿನಲ್ಲಿ ನೂರು ಕಾಳು ಸುತ್ತಿಟ್ಟು, ಎಷ್ಟು ಮೊಳೆತವೆಂದು ಎಣಿಸಿ ಬಿತ್ತಬಹುದು. ಎಪ್ಪತ್ತು ಮೊಳೆತರೆ ಬೀಜ ಲೇಸು, ಐವತ್ತಾದರೆ ಸ್ವಲ್ಪ ಹೆಚ್ಚು ಹಾಕಿದರಾಯಿತು. ಅನುಕೂಲಕ್ಕೆ ಕೊಳ್ಳುವವನಿಗೆ ಬೇಡ ಎನ್ನುವ ದಾರಿ ತೆರೆದಿದೆ, ಆದ್ದರಿಂದಲೇ ಮಾರುವವನು ಬಾಯಿಗೆ ಬಂದ ಬೆಲೆ ಹೇಳಲಾರ. ಕಬ್ಬಿನವರಂತೂ ಇನ್ನೂ ಮುಂದೆ: ಒಮ್ಮೆ ನೆಟ್ಟರೆ ಕುಳೆಯಾಗಿ ಎರಡು ಮೂರು ವರ್ಷ ಮತ್ತೆ ಚಿಗುರುತ್ತದೆ.

ಬೇಡವಾದವರು ಹತ್ತಿ ಬಿಡಲಿ, ಇಲ್ಲವೇ ಜಯಧರ ಬಿತ್ತಲಿ, ಯಾರು ಹಿಡಿದಿದ್ದಾರೆ ಎಂಬ ಮಾತೂ ಇದೆ. ಒಬ್ಬ ರೈತ ಹಾಗೆ ಮಾಡಲು ಹೊರಟರೆ ಬೀಜ ಎಲ್ಲಿಂದ ತರುತ್ತಾನೆ? ಜಿನ್ನುಗಳು, ನೂಲಿನ ಗಿರಣಿಗಳು ಉದ್ದ ಎಳೆಗೆ ಹೊಂದಿಕೊಂಡು ಕೂತಿವೆ. ಗಿಡ್ಡ ಎಳೆಯ ನಾಲ್ಕು ಚೀಲ ತಂದವನಿಗೆ ದಲಾಲಿ ಅಂಗಡಿಯಲ್ಲಿ ಧಾರಣೆಯೂ ಇಲ್ಲ, ಗೌರವವೂ ಇಲ್ಲ. ದೇಶದ ಹತ್ತಿಯ ಹೊಲದಲ್ಲಿ ತೊಂಬತ್ತು ಪಾಲಿಗೂ ಹೆಚ್ಚು ಬಿಟಿ ಆದ ಮೇಲೆ ಆಯ್ಕೆ ಎಂಬ ಮಾತಿಗೆ ಅರ್ಥವಿಲ್ಲ. ಎಲ್ಲರೂ ವಾಟ್ಸ್ಆ್ಯಪ್‌ನಲ್ಲಿರುವಾಗ ನೀನು ಟಪಾಲು ಬರೆ ಎಂದ ಹಾಗೆ.

ಪೊಟ್ಟಣದ ಬೆಲೆ ಲಾಗೋಡಿಯಲ್ಲಿ ದೊಡ್ಡದೇನಲ್ಲ ಎಂಬ ಆಕ್ಷೇಪವನ್ನು ಮಾತ್ರ ಅರ್ಧ ಒಪ್ಪಬೇಕು. ಎಕರೆಗೆ ಎರಡು ಪೊಟ್ಟಣ ಅಂದರೆ 2025ರ ಬೆಲೆಯಲ್ಲಿ ಸುಮಾರು 1,800 ರೂಪಾಯಿ. ಕಳೆ, ಗೊಬ್ಬರ, ಹತ್ತಿ ಬಿಡಿಸುವ ಕೂಲಿ ಇದನ್ನು ಎಷ್ಟೋ ಪಟ್ಟು ಮೀರುತ್ತವೆ. ಆದರೆ ಹಣದ ಭಾರ ಅದರ ಮೊತ್ತದಲ್ಲಷ್ಟೇ ಇರುವುದಿಲ್ಲ, ಕೊಡಬೇಕಾದ ಹೊತ್ತಿನಲ್ಲೂ ಇರುತ್ತದೆ. ಬೀಜದ ಹಣ ಕೊಡಬೇಕಾದ್ದು ಜೂನಿನಲ್ಲಿ, ಮನೆಯಲ್ಲಿ ಕಾಸಿಲ್ಲದಾಗ, ಶಾಲೆಯ ಫೀ ಕಟ್ಟುವ ತಿಂಗಳಲ್ಲಿ. ಆದ್ದರಿಂದ ಉದ್ರಿ. ರೋಹಿಣಿ ಮಳೆಗೆ ಹುಮ್ಮಸ್ಸಿನಿಂದ ಊರಿದ ಕಾಳು ಮೃಗಶಿರಾ ಕೈಕೊಟ್ಟರೆ ಮಣ್ಣಿನಲ್ಲೇ ಒಣಗುತ್ತದೆ. ಮನೆಯ ಬೀಜವಾಗಿದ್ದರೆ ಚೀಲದ ಬಾಯಿ ಮತ್ತೊಮ್ಮೆ ಬಿಚ್ಚಬೇಕು, ಅಷ್ಟೇ. ಈಗ ಮತ್ತೊಮ್ಮೆ ಅದೇ ಅಂಗಡಿ, ಅದೇ ಉದ್ರಿ ವಹಿ, ಒಂದೇ ಹಂಗಾಮಿಗೆ ಎರಡನೆಯ ರಿಚಾರ್ಜ್. ಕಣದ ಮೇಲೆ ಅಳೆದುಕೊಡುತ್ತಿದ್ದ ಆಯಕ್ಕೂ ಇದಕ್ಕೂ ಇರುವ ದೂರ ಇಲ್ಲಿ ಕಾಣುತ್ತದೆ. ಬೆಳೆಯ ಅಪಾಯ ಪೂರ್ತಿ ಬಿತ್ತುವವನದು, ಮುಂಗಡ ಪೂರ್ತಿ ಮಾರುವವನಿಗೆ. ಸವದತ್ತಿಯ ಜನಕ್ಕೆ ಈ ಬಗೆಯ ಲೆಕ್ಕ ಹೊಸದಲ್ಲ. ನವಿಲುತೀರ್ಥದ ಅಣೆಕಟ್ಟಿನ ಕಾಲುವೆಯಲ್ಲಿ ನೀರು ಸರಿಯಾಗಿ ಬರದಿದ್ದರೂ ನೀರಿನ ಕರ, ಅಭಿವೃದ್ಧಿ ಕರ ಕಟ್ಟಿ ಎಂದದ್ದಕ್ಕೆ ನವಲಗುಂದ, ನರಗುಂದ, ಸವದತ್ತಿಯ ರೈತರು ಎದ್ದು ನಿಂತರು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗೋಲಿಬಾರ್ ಆಯಿತು. ಅವರು ಪುಕ್ಕಟೆ ನೀರು ಕೇಳಿರಲಿಲ್ಲ. ಬಾರದ ನೀರಿಗೆ ಹಣ ಕೊಡಲಾರೆವು ಎಂದಿದ್ದರು.

ಬೇರೆ ದಾರಿ ಇರಲಿಲ್ಲವೇ ಎಂದರೆ, ಇತ್ತು, ಅದೂ ಧಾರವಾಡದ ಮೂಲಕವೇ ಹಾದುಹೋಗಿತ್ತು. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಸೇರಿ ಬಿಕಾನೇರಿ ನರ್ಮಾ ಎಂಬ ತಳಿಗೆ ಬಿಟಿ ಜೀನ್ ಸೇರಿಸಿ ಒಂದು ಹತ್ತಿ ತಯಾರಿಸಿದವು. ಹೈಬ್ರಿಡ್ ಅಲ್ಲ, ತಳಿ: ಅಗ್ಗದ ಬೀಜ, ಒಮ್ಮೆ ಕೊಂಡು ಉಳಿಸಿಕೊಂಡು ಬಿತ್ತಬಹುದಾದದ್ದು. 2009ರಲ್ಲಿ ಅದು ರೈತರ ಕೈಗೂ ಬಂತು. ಬೇಗನೆ ಮಾಯವೂ ಆಯಿತು. ತಾವೇ ರೂಪಿಸಿದ್ದು ಎಂದು ಹೇಳಿಕೊಂಡಿದ್ದ ಆ ಹತ್ತಿಯಲ್ಲಿ ಮಾನ್‌ಸಾಂಟೊದ ಜೀನ್ ಇರುವುದು ಪತ್ತೆಯಾಯಿತು, ಡಾ. ಎಸ್.ಕೆ. ಸೋಪೋರಿ ಸಮಿತಿ 2012ರಲ್ಲಿ ಅದನ್ನು ಖಚಿತಪಡಿಸಿತು. ವಿಜ್ಞಾನಕ್ಕೆ ಅದು ನಾಚಿಕೆಗೇಡು, ಸಮರ್ಥಿಸಲು ಏನೂ ಇಲ್ಲ. ಆದರೆ ರೈತನ ಕಡೆಯಿಂದ ನೋಡಿದರೆ ನಷ್ಟ ಇನ್ನೊಂದಿತ್ತು. ಬಿಜಿ-2ಗಿಂತ ಮುಂಚಿನ ಆ ಹಳೆಯ ಜೀನಿಗೆ ಭಾರತದಲ್ಲಿ ಪೇಟೆಂಟೇ ಇರಲಿಲ್ಲ. ಮೊದಲೇ ರಾಜಾರೋಷವಾಗಿ ಅದನ್ನೇ ತಳಿಗಳಿಗೆ ಸೇರಿಸಿ ಹಂಚಿದ್ದರೆ ಯಾರೂ ತಡೆಯುವಂತಿರಲಿಲ್ಲ. ನಾಗಪುರದ ಸಂಸ್ಥೆ ಆಮೇಲೆ ಅದನ್ನೇ ಮಾಡಿತು, ಉಳಿಸಿ ಬಿತ್ತಬಲ್ಲ ಬಿಟಿ ತಳಿಗಳನ್ನು ಹೊರತಂದಿತು. ಅಷ್ಟರಲ್ಲಿ ಹುಳು ಜೀನಿಗೆ ಒಗ್ಗಿಹೋಗಿತ್ತು, ಪೇಟೆ ಹೈಬ್ರಿಡ್‌ಗೆ ಒಗ್ಗಿಹೋಗಿತ್ತು.

ಸಾಫ್ಟ್‌ವೇರು, ಫೋನುಗಳಲ್ಲಿ ಸರ್ಕಾರ ಈಚೆಗೆ ಒಂದಿಷ್ಟು ಕಣ್ಣು ತೆರೆದಿದೆ. ಖಾತೆಯಿಂದ ತಾನಾಗಿ ಹಣ ಕತ್ತರಿಸಿಕೊಳ್ಳುವುದಕ್ಕೆ ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರಿನಿಂದ ಕಡಿವಾಣ ಹಾಕಿತು. ಚಂದಾದ ಬಲೆಗೆ ಕೆಡವಿ ಹೊರಬರಲು ಬಿಡದಿರುವುದನ್ನು ಕೇಂದ್ರದ 2023ರ ನವೆಂಬರಿನ ಮಾರ್ಗಸೂಚಿ ವಂಚನೆಯ ಪಟ್ಟಿಗೆ ಸೇರಿಸಿತು. ನಿಲ್ಲಿಸುವ ಗುಂಡಿ ಕಣ್ಣಿಗೆ ಕಾಣುವಂತಿರಬೇಕು ಎಂಬುದು ಅದರ ಸಾರ. ಬೀಜದಲ್ಲಿ ಆ ಗುಂಡಿಯನ್ನು ಕಾಗದದ ಮೇಲೆ ಬರೆದು ಕೂಡಿಸಲಾಗುವುದಿಲ್ಲ. ಅದನ್ನು ತಳಿಯೊಳಗೇ ಇಡಬೇಕು, ಇಟ್ಟ ತಳಿಯ ಬೀಜವನ್ನು ಎಕರೆಗಟ್ಟಲೆ ಬೆಳೆಸಿ ಬಿತ್ತನೆಗೆ ಮುಂಚೆ ತಲುಪಿಸಬೇಕು. ಬೀಜ ನಿಗಮಕ್ಕೂ ವಿಶ್ವವಿದ್ಯಾಲಯಕ್ಕೂ ಇದು ಗೊತ್ತಿಲ್ಲದ ಕೆಲಸವಲ್ಲ, ಜೋಳ, ಕಡಲೆಗೆ ಮಾಡುತ್ತಲೇ ಬಂದಿದ್ದಾರೆ.

ಧಾರವಾಡದ ಕೃಷಿ ಮೇಳ ನಡೆಯುವುದು ಸೆಪ್ಟೆಂಬರಿನಲ್ಲಿ, ಹಿಂಗಾರಿ ಬಿತ್ತನೆಯ ಹೊಸ್ತಿಲಲ್ಲಿ. ಕಿತ್ತೂರು, ಬೈಲಹೊಂಗಲದ ಬಸ್ಸು ಹಿಡಿದು ಬಂದವರು ಯಂತ್ರಗಳ ಮಳಿಗೆ ಸುತ್ತಿ, ಮಿರ್ಚಿ ಭಜಿ ತಿಂದು, ಕೊನೆಗೆ ಬೀಜದ ಮಳಿಗೆಯ ಮುಂದೆ ನಿಲ್ಲುತ್ತಾರೆ. ಅಲ್ಲಿ ಕಡಲೆಯ ಚೀಲ ಕೊಂಡವರಿಗೆ ಇಲಾಖೆ ಹೇಳುವುದು ಒಂದೇ ಮಾತು: ಮೂರು ವರ್ಷಕ್ಕೊಮ್ಮೆ ಬೀಜ ಬದಲಿಸಿದರೆ ಸಾಕು. ಚೀಲ ತಲೆಯ ಮೇಲೆ ಹೊತ್ತು ಬಸ್ ಸ್ಟ್ಯಾಂಡಿನ ಕಡೆ ನಡೆದವನ ಹೊಲದಲ್ಲಿ ಅದೇ ಹೊತ್ತಿಗೆ ಮುಂಗಾರಿಯ ಹತ್ತಿ ಎದೆಮಟ್ಟ ನಿಂತಿರುತ್ತದೆ, ಕಾಯಿ ಕಟ್ಟುತ್ತಿರುತ್ತದೆ. ಆ ಕಾಯಿಯೊಳಗಿನ ಕಾಳು ಎಮ್ಮೆಗೆ ಮತ್ತು ಎಣ್ಣೆಗೆ.